ಮುತ್ಯಾ ಹೇಳದೆ ಬಿಟ್ಟ ಹಡಗು

ಶಹಾಪುರದ ನಮ್ಮ ಅಡುಗೆಮನೆಯ ಗೂಟಕ್ಕೆ ಒಂದು ಉದ್ದ ಹಿಡಿಯ ಸೌಟು ತೂಗುಹಾಕಿದೆ. ಹಿಡಿಯ ತುದಿಯಲ್ಲಿ ಪುಟ್ಟ ಲಂಗರಿನ ಗುರುತು, ಅದರ ಕೆಳಗೆ ಸವೆದ ಇಂಗ್ಲಿಷ್ ಅಕ್ಷರಗಳು. ಹಬ್ಬದ ದಿನ ಹೋಳಿಗೆಯ ಜೊತೆಗಿನ ಕಟ್ಟಿನ ಸಾರನ್ನು ಇದರಿಂದಲೇ ಬಡಿಸಬೇಕು. ಬೇರೆ ಸೌಟಿನ ಸಾರಿಗೆ ಆ ರುಚಿಯಿಲ್ಲವೆಂದು ತಲೆ ನರೆಯುವವರೆಗೂ ನಂಬಿಕೊಂಡು ಬಂದವಳು ನಾನು.

ಅದನ್ನು ತಂದವನು ನಮ್ಮ ಮುತ್ಯಾ, ಅಪ್ಪನ ಅಪ್ಪ. ಕುರಿ ಸಾಕುವ ಮನೆತನದವನು. ಸಮುದ್ರದ ಮಾತು ಹಾಗಿರಲಿ, ತುಂಬಿದ ಭೀಮೆಯನ್ನು ಕಂಡರೇ ಹಿಂದೆ ಸರಿಯುತ್ತಿದ್ದ ಆ ಮನುಷ್ಯ ಯಾದಗಿರಿಯಲ್ಲಿ ರೈಲು ಹತ್ತಿ ಮುಂಬಯಿಗೆ ಹೋಗಿ, ಗಿರಣಿಯಲ್ಲಿ ಕೆಲಸ ಸಿಗದೆ, ಬ್ರಿಟಿಷರ ಹಡಗೊಂದರ ಅಡುಗೆಮನೆ ಸೇರಿದ. ಸಾಹೇಬರನ್ನೂ ಅವರ ಮಡದಿಯರನ್ನೂ ದೇಶದೇಶಕ್ಕೆ ಹೊತ್ತು ತಿರುಗಿದ, ತೇಲುವ ಅರಮನೆಯಂಥ ಹಡಗದು. ಎರಡನೆಯ ಮಹಾಯುದ್ಧ ಬಂದಾಗ ಅದರ ಬಿಳಿಯ ಮೈಗೆ ಬೂದು ಬಣ್ಣ ಬಳಿದರಂತೆ. ಕುಣಿತದ ಕೋಣೆಯಲ್ಲಿ ಸಾಲುಸಾಲಾಗಿ ಜೋಲಿ ಕಟ್ಟಿ ಸೈನಿಕರನ್ನು ಮಲಗಿಸಿದರಂತೆ. ಹೆಂಗಸರು ಮುತ್ತಿನ ಸರ ಸರಿಪಡಿಸಿಕೊಳ್ಳುತ್ತಿದ್ದ ನಿಲುವುಗನ್ನಡಿಗಳ ಮುಂದೆ ಸಿಪಾಯಿಗಳು ಗಡ್ಡ ಹೆರೆದುಕೊಂಡರಂತೆ. ಇದನ್ನೆಲ್ಲ ಮುತ್ಯಾ ನಮ್ಮನ್ನು ನಗಿಸುತ್ತ ಹೇಳುತ್ತಿದ್ದ. ಆಮೇಲೇನಾಯಿತೆಂದು ಕೇಳಿದರೆ ಮಾತ್ರ, "ಆಮ್ಯಾಲೇನು, ಊರಿಗೆ ಬಂದೆ" ಎಂದು ಏಳುತ್ತಿದ್ದ.

ಕಳೆದ ತಿಂಗಳು ಹುಣಸೆಹಣ್ಣು ಹಚ್ಚಿ ಸೌಟನ್ನು ತಿಕ್ಕುವಾಗ ಅಕ್ಷರಗಳು ಸ್ಪಷ್ಟವಾಗಿ ಹಡಗಿನ ಹೆಸರು ಕಾಣಿಸಿತು. ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿದೆ. ಮುತ್ಯಾ ಹೇಳಿದ್ದ ಕನ್ನಡಿಗಳೂ ಮೆಟ್ಟಿಲುಗಳೂ ಚಿತ್ರಗಳಲ್ಲಿ ಹಾಗೆಯೇ ಇದ್ದವು. ಅವನು ಕಥೆಗೆ ಬಣ್ಣ ಹಚ್ಚಿರಲಿಲ್ಲವೆಂದು ಹಿಗ್ಗಿದೆ. ಆ ಹಿಗ್ಗು ಮುಂದಿನ ಪುಟದವರೆಗೂ ಉಳಿಯಲಿಲ್ಲ, ಗೆಳೆಯರೇ. ಸೈನಿಕರನ್ನು ದೂರದ ರೇವಿನಲ್ಲಿಳಿಸಿ, ಸೆರೆಸಿಕ್ಕ ಇಟಲಿಯವರನ್ನು ತಳದ ಕಂಬಿಕೋಣೆಗಳಲ್ಲಿ ತುಂಬಿಕೊಂಡು ಮರಳುತ್ತಿದ್ದ ಆ ಹಡಗನ್ನು ಶತ್ರುವಿನ ಜಲಾಂತರ್ಗಾಮಿಯೊಂದು ಒಡೆದು ಮುಳುಗಿಸಿತ್ತು. ಹೊಡೆದವರು ಆ ಕೈದಿಗಳದೇ ಪಕ್ಷದವರು. ಕಂಬಿಬಾಗಿಲುಗಳ ಬೀಗವನ್ನು ಯಾರೂ ತೆಗೆದಿರಲಿಲ್ಲ. ಹಡಗಿನ ವೈಭವದ ಬಗ್ಗೆ ಪುಟಗಟ್ಟಲೆ ಬರೆದವರು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದರು.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಸುರಪುರಕ್ಕೆ ಹೋದೆ. ಮುತ್ಯಾನ ಮಕ್ಕಳಲ್ಲಿ ಉಳಿದಿರುವವಳು ಅಲ್ಲಿರುವ ನಾಗಮ್ಮತ್ತೆಯೊಬ್ಬಳೇ. ಅವನ ಕೊನೆಯ ಕಾಯಿಲೆಯಲ್ಲಿ ಆರೈಕೆ ಮಾಡಿದವಳೂ ಅವಳೇ. ಸೊಪ್ಪು ಸೋಸುತ್ತ ಕುಳಿತಿದ್ದವಳು ನನ್ನ ಮಾತು ಕೇಳಿ ಕೈ ನಿಲ್ಲಿಸಿದಳು.

"ಹಡಗ ಮುಳುಗಿದಾಗ ಮುತ್ಯಾ ಎಲ್ಲಿದ್ದ ಅತ್ತಿ?"

"ಕೆಳಗs ಇದ್ದ. ಆ ಕೈದಿಗಳಿಗೆ ಉಣ್ಣಾಕ ನೀಡಾಕತ್ತಿದ್ದ. ಹಡಗ ಒಮ್ಮಿಗೇ ವಾಲ್ತಂತ. ಕೀಲಿಕೈ ಇದ್ದ ಸಿಪಾಯಿ ಮ್ಯಾಲೆ ಓಡಿ ಹೋದ. ಒಳಗಿನವರು ತಾಟು ತಗೊಂಡು ಕಂಬಿಗೆ ಬಡಿಯಾಕ ಹತ್ತಿದ್ರು. ಅಪ್ಪನೂ ಓಡ್ಯಾನ. ದೋಣ್ಯಾಗ ಕುಂತಮ್ಯಾಲೆ ನೋಡ್ಕೋತಾನ, ಕೈಯಾಗ ಸೌಟು ಹಂಗs ಐತಿ."

ಎಷ್ಟು ಹಬ್ಬ, ಎಷ್ಟು ಪಂಕ್ತಿ, ನಾವೆಲ್ಲ ತಾಟು ಚಾಚಿ ಕುಳಿತು ಆ ಸೌಟಿಗಾಗಿ ಕಾದವರು. ಅದನ್ನು ಹೊಳೆಗೆ ಎಸೆಯದೆ ಅವನು ಅಡುಗೆಮನೆಯಲ್ಲಿ ಏಕೆ ಇಟ್ಟುಕೊಂಡ? ಕಡೆಗೂ ಕೇಳಿದೆ.

"ನಾನೂ ಕೇಳಿದ್ದೆ" ಎಂದಳು ಅತ್ತೆ. "'ಅರ್ಧಾ ಮಂದಿಗೆ ನೀಡಿ ಬಂದೀನಿ, ಇನ್ನರ್ಧಾ ಮಂದಿ ಉಳದಾರ' ಅಂದ. ಅಷ್ಟs. ಮತ್ತ ಆ ಮಾತು ತಗೀಲಿಲ್ಲ."

ಕೀಲಿಕೈ ಅವನಲ್ಲಿರಲಿಲ್ಲ, ನಿಂತಿದ್ದರೆ ಅವನೂ ಉಳಿಯುತ್ತಿರಲಿಲ್ಲ, ಅಪ್ಪನಾಗಲಿ ನಾನಾಗಲಿ ಹುಟ್ಟುತ್ತಿರಲಿಲ್ಲ. ಈ ಲೆಕ್ಕ ಸರಿಯಾದುದೇ. ಆದರೆ ಅವನು ಓಡಿದ್ದರಿಂದಲೇ ಬದುಕಿರುವ ನಾನು ಅವನನ್ನು ಕ್ಷಮಿಸುತ್ತೇನೆಂದು ಹೇಳಿದರೆ ಆ ಮಾತಿಗೆ ತೂಕವೆಲ್ಲಿಯದು? ಕ್ಷಮಿಸಬೇಕಾದವರು ಬೇರೆ.

ಅತ್ತೆ ಮೊರವನ್ನು ಬದಿಗಿಟ್ಟು ಕೇಳಿದಳು, "ಆ ಫೋನಿನ್ಯಾಗ ಅವರ ಹೆಸರು ಅದಾವೇನು?"

ಇದ್ದವು. ಬೇರೊಂದು ಪುಟದಲ್ಲಿ, ಮುಳುಗಿದ ಕೈದಿಗಳ ಉದ್ದನೆಯ ಪಟ್ಟಿ. ಅವಳು ತಲೆಯ ಮೇಲೆ ಸೆರಗೆಳೆದುಕೊಂಡು ನೆಟ್ಟಗೆ ಕುಳಿತಳು. ನಾಲಿಗೆಗೆ ಒಗ್ಗದ ಆ ಹೆಸರುಗಳನ್ನು ತಡವರಿಸುತ್ತ, ಒಂದೊಂದಾಗಿ ಓದತೊಡಗಿದೆ. ಬಿಸಿಲು ಅಂಗಳ ದಾಟಿ ಕಟ್ಟೆಯ ಮೇಲೆ ಬಂದಿತ್ತು. ಅವಳ ಕಣ್ಣು ಮುಚ್ಚಿದ್ದನ್ನು ಕಂಡು, ತೂಕಡಿಸಿರಬೇಕೆಂದು ನಾನು ಸುಮ್ಮನಾದೆ.

"ನಿಂದ್ರಬ್ಯಾಡ" ಎಂದಳು ಅತ್ತೆ ಕಣ್ಣು ತೆರೆಯದೆ. "ಎಲ್ಲಾರದೂ ಓದು."