ಹಾಸ್ಟೆಲಿನ ಶ್ರಾವಣ ಸೋಮವಾರ

ಲಿಂಗಸುಗೂರಿನಿಂದ ಬಂದು ಸಿಂಧನೂರಿನ ಕಾಲೇಜಿಗೆ ಸೇರಿದ ಹೊಸತರಲ್ಲಿ ಹಾಸ್ಟೆಲ್ ನನಗೆ ಒಗ್ಗಿರಲಿಲ್ಲ. ದಿನಾ ಬೆಳಿಗ್ಗೆ ಅದೇ ಗಂಟುಗಂಟಾದ ಉಪ್ಪಿಟ್ಟು. ಶ್ರಾವಣದ ಮೊದಲ ಸೋಮವಾರ, ಮಸ್ಕಿಯಿಂದ ಬಂದಿದ್ದ ನನ್ನ ರೂಮಿನ ಹುಡುಗಿ ಉಪವಾಸವೆಂದಳು. ಅಡುಗೆಯಮ್ಮ ಅವಳೊಬ್ಬಳಿಗೇ ಸಾಬೂದಾಣಿ ಖಿಚಡಿ ಮಾಡಿಕೊಟ್ಟರು. ಶೇಂಗಾಪುಡಿಯ ಘಮಕ್ಕೆ ನಾವೆಲ್ಲ ಅವಳ ತಟ್ಟೆಯನ್ನೇ ನೋಡುತ್ತ ಕೂತೆವು.

ಮುಂದಿನ ಸೋಮವಾರ ಮೊದಲ ವರ್ಷದವರೆಲ್ಲ ಭಕ್ತರಾದೆವು. ನಾನಂತೂ ಹಣೆತುಂಬ ವಿಭೂತಿ ಬಳಿದುಕೊಂಡಿದ್ದೆ.

“ನೀವೆಲ್ಲಾರೂ ಸೋಮವಾರ ಹಿಡಿದೀರೇನು?” ವಾರ್ಡನ್ ಕೇಳಿದರು.

“ಹೌದ್ರೀ ಮೇಡಂ. ನಮ್ಮನ್ಯಾಗ ಮೊದಲಿಂದ ನಡಕೊಂಡು ಬಂದೈತ್ರಿ,” ಎಂದೆ.

“ಭಾಳ ಛಲೋ. ಖಿಚಡಿ ಎಲ್ಲಾರಿಗೂ ಮಾಡಸ್ತೀನಿ. ಮುಂದಿನ ವಾರದಿಂದ ಸೂರ್ಯ ಹುಟ್ಟೂದ್ರಾಗ ತಣ್ಣೀರ ಸ್ನಾನ, ಆಮ್ಯಾಲೆ ಒಂದು ತಾಸು ಭಜನಿ.”

ಮಸ್ಕಿಯವಳು ನನ್ನನ್ನು ದುರುಗುಟ್ಟಿ ನೋಡಿದಳು. “ನಾ ಒಬ್ಬಾಕಿ ಸುಮ್ನ ತಿಂತಿದ್ದೆ. ಈಗ ನಿಮ್ಮ ಸಲುವಾಗಿ ನಾನೂ ತಣ್ಣೀರು ಹೊಯ್ಕೋಬೇಕಲ್ಲಬೇ.”

ಮರುವಾರ ಬಕೆಟ್ ಹಿಡಿದು ಸಾಲಾಗಿ ನಿಂತು ನಡುಗಿದೆವು. ಭಜನೆಯ ಎರಡನೆಯ ಸಾಲು ಯಾರಿಗೂ ಬರುತ್ತಿರಲಿಲ್ಲ; ಮೊದಲನೆಯದನ್ನೇ ಇಡೀ ತಾಸು ಹಾಡಿದೆವು. ಕೊನೆಗೆ ತಾಳ ಹಿಡಿದಿದ್ದ ವಾರ್ಡನ್ನರೇ ನಕ್ಕುಬಿಟ್ಟರು.

ಆ ವಾರ ಅವ್ವ ಫೋನ್ ಮಾಡಿ, “ಐತವಾರ ಸೂಟಿ ಐತಲ್ಲ, ಊರಿಗೆ ಬರ್ತೀಯೇನು?” ಎಂದಳು.

“ಇಲ್ಲಬೇ ಯವ್ವಾ, ಸೋಮವಾರ ಭಜನಿ ಐತಿ,” ಎಂದೆ. “ಭಜನಿ? ನಮ್ಮನ್ಯಾಗ ಸೋಮವಾರ ಹಿಡಿದೋರು ಯಾರದಾರಬೇ?” ಎಂದಳು ಅವ್ವ.