ಹಾರ ಹಾಕಿದ ನನ್ನ ಫೋಟೋ

೧೯೭೮ರಲ್ಲಿ ನನ್ನ ಓದು ನಿಂತಿತು. ಎಂಟನೆಯ ತರಗತಿ, ಫೋರ್ಟಿನ ಕನ್ನಡ ರಾತ್ರಿ ಶಾಲೆ, ಗಣಪತಿ ಹಬ್ಬ ಕಳೆದ ಮೇಲಿನ ಸೋಮವಾರ. ದಡ್ಡನೆಂದು ನಿಂತದ್ದಲ್ಲ, ಸೋಮಾರಿಯೆಂದೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಭಾಂಡುಪಿನ ಒಂದು ಹಾಲ್‌ನಲ್ಲಿ, ತುಂಬಿದ ಜನರ ಎದುರು, ಮೈಕಿನಲ್ಲಿ ಬೇರೆಯೇ ಹೇಳಿದರು.

ಅದು ನನ್ನ ಅಣ್ಣ ತೀರಿಕೊಂಡ ಹದಿಮೂರನೆಯ ದಿನ. ಬೆಳಿಗ್ಗೆ ಅವನ ಮನೆಯಲ್ಲಿ ಕ್ರಿಯೆ ಮುಗಿಯಿತು. ಊಟ ಪಕ್ಕದ ಹಾಲ್‌ನಲ್ಲಿ. ಊಟಕ್ಕೆ ಮೊದಲು ಒಂದು ಗಂಟೆ ಎಲ್ಲರೂ ಅಣ್ಣನ ನೆನಪು ಹಂಚಿಕೊಳ್ಳುವುದೆಂದು ಅವನ ಮಗ ಏರ್ಪಾಡು ಮಾಡಿದ್ದ. ಒಳ್ಳೆಯದೇ ಎಂದುಕೊಂಡು ನಾನೂ ಹೆಂಡತಿಯೂ ಒಳಗೆ ಹೋದೆವು.

ವೇದಿಕೆಯ ಮೇಲೆ ಚೌಕಟ್ಟು ಹಾಕಿದ ಎರಡು ಫೋಟೋ ಇಟ್ಟಿದ್ದರು. ಬಲಗಡೆ ಅಣ್ಣ, ಬ್ಯಾಂಕಿನಿಂದ ನಿವೃತ್ತನಾದ ದಿನದ ಕೋಟು, ಟೈ. ಎಡಗಡೆ ಒಬ್ಬ ಸಪೂರ ಹುಡುಗ, ಬನಿಯನ್ನು, ಹೆಗಲಿಗೆ ಪಂಚೆಯ ತುಂಡು, ಎದುರಿಗೆ ಹೊಗೆಯಾಡುವ ದೋಸೆಯ ತವಾ. ಎರಡಕ್ಕೂ ಗಂಧದ ಚಕ್ಕೆಯ ಹಾರ. ಎರಡರ ಮುಂದೆಯೂ ದೀಪ, ಊದುಬತ್ತಿ.

ಎಡಗಡೆಯ ಫೋಟೋ ನನ್ನದು.

ಮೊದಲು ಕಣ್ಣನ್ನೇ ನಂಬಲಿಲ್ಲ. ಹತ್ತಿರ ಹೋಗಿ ನೋಡಿದೆ. ಹುಡುಗನ ಸೌಟು ಎಡಗೈಯಲ್ಲಿತ್ತು. ನಮ್ಮ ಮನೆಯಲ್ಲಿ ಎಡಚ ನಾನೊಬ್ಬನೇ. ಎಡಗೈಯಲ್ಲಿ ಹೊಯ್ದ ದೋಸೆ ಗಿರಾಕಿಯ ಕಣ್ಣಿಗೆ ಬೀಳಬಾರದು ಎಂದು ನಾನೂ ಅಣ್ಣನೂ ಆಗ ಕೆಲಸಕ್ಕಿದ್ದ ಹೋಟೆಲಿನ ಧಣಿ ನನ್ನನ್ನು ಹಿಂದಿನ ತವಾಕ್ಕೆ ಹಾಕಿದ್ದರು. ಮುಂದಿನ ತವಾದಲ್ಲಿ ಬೆಳಕಿತ್ತು, ಗಾಳಿಯಿತ್ತು. ಹಿಂದಿನದರಲ್ಲಿ ಹೊಗೆ ಮಾತ್ರ. ಅಲ್ಲಿಗೆ ಒಂದು ದಿನ ಹತ್ತಿರದ ಆಫೀಸಿನ ಗಿರಾಕಿಯೊಬ್ಬರು ಕ್ಯಾಮೆರಾ ಹಿಡಿದು ಬಂದು, "ಏ, ಉಲ್ಟಾ ದೋಸೆವಾಲಾ, ಇಧರ್ ದೇಖ್" ಎಂದು ಕ್ಲಿಕ್ಕಿಸಿದರು. ಒಂದು ಪ್ರತಿ ತಂದೂ ಕೊಟ್ಟರು. ನನಗೆ ಇದ್ದದ್ದು ಗೋಡೆಯ ಒಂದು ಮೊಳೆ, ಅದಕ್ಕೆ ನೇತುಹಾಕಿದ ಒಂದು ಚೀಲ. ಅಣ್ಣನಿಗೆ ಬೀಗ ಇರುವ ಟ್ರಂಕ್ ಇತ್ತು. ಫೋಟೋ ಹಾಳಾಗಬಾರದೆಂದು ಅವನ ಟ್ರಂಕಿನಲ್ಲಿಟ್ಟೆ. ನಾನು ಮಾಡಿದ ತಪ್ಪು ಅಷ್ಟೇ.

ಅಣ್ಣನ ಮಗ ಅಲ್ಲೇ ಮೈಕು ಸರಿ ಮಾಡುತ್ತಿದ್ದ. ಕರೆದು ಮೆಲ್ಲಗೆ ಹೇಳಿದೆ. "ಆ ಫೋಟೋದ ಹಾರ ತೆಗಿ. ಅದು ನಾನು."

ಅವನು ಫೋಟೋ ನೋಡಿದ, ನನ್ನನ್ನು ನೋಡಿದ. ನನ್ನ ಹೊಟ್ಟೆ, ಬೋಳು ತಲೆ. "ಚಿಕ್ಕಪ್ಪ, ಪ್ಲೀಸ್. ಅದು ಪಪ್ಪ. ಚಿಕ್ಕವನಿದ್ದಾಗಿಂದ ನನ್ನ ಸ್ಟಡಿ ಟೇಬಲ್ ಮೇಲೆ ಇದೇ ಫೋಟೋ. ಪಪ್ಪನೇ ಇಟ್ಟಿದ್ರು."

"ಕೈ ನೋಡು. ನಿನ್ನ ಪಪ್ಪ ಎಡಚನಾ?"

"ಪ್ರಿಂಟ್ ಮಿರರ್ ಆಗಿರ್ಬೇಕು. ಪುರಾನಾ ಫೋಟೋ ಹೈ ನಾ. ಕೂತ್ಕೊಳ್ಳಿ, ಸ್ಟಾರ್ಟ್ ಆಗ್ತದೆ."

ಹೆಂಡತಿ ನನ್ನ ಅಂಗಿಯ ತುದಿ ಹಿಡಿದು ಕೂರಿಸಿದಳು. "ಸುಮ್ಮನಿರಿ ಮಾರಾಯ್ರೇ. ಇವತ್ತೊಂದು ದಿನ." ಬದುಕಿರುವವನ ಫೋಟೋಕ್ಕೆ ಹಾರ ಹಾಕಿ ದೀಪ ಹಚ್ಚಿದರೆ ನಮ್ಮ ಕಡೆ ಹೆಂಗಸರು ಎದೆ ಬಡಿದುಕೊಳ್ಳುತ್ತಾರೆ. ಇವಳು ನನ್ನ ಅಂಗಿ ಹಿಡಿದು ಕೂತಿದ್ದಳು.

ಸಭೆ ಶುರುವಾಯಿತು. ನಡೆಸಿಕೊಟ್ಟವರು ನಮ್ಮ ಊರಿನವರ ಸಂಘದ ಒಬ್ಬ ಹಿರಿಯರು. ಮೊದಲು ಅಣ್ಣನ ಬಿಲ್ಡಿಂಗಿನವರು ಮಾತನಾಡಿದರು. ನೀರು ಬಾರದ ದಿನ ಅಣ್ಣನೇ ಟ್ಯಾಂಕರಿನವನ ಜೊತೆ ಜಗಳಾಡಿ ನೀರು ತರಿಸುತ್ತಿದ್ದನಂತೆ. ಅದು ನಿಜವಿರಬಹುದು, ಜಗಳ ಅವನಿಗೆ ಬರುತ್ತಿತ್ತು. ಆಮೇಲೆ ಬ್ಯಾಂಕಿನಲ್ಲಿ ಅವನ ಜೊತೆಗಿದ್ದ ಒಬ್ಬರು ಬಂದರು.

"ಎಲ್ಲಿಗೆ ತಿಂಡಿಗೆ ಹೋದ್ರೂ ಮೊದಲು ಒಳಗೆ ಹೋಗಿ ದೋಸೆ ಹೊಯ್ಯುವವನಿಗೆ ನಮಸ್ಕಾರ ಹೇಳಿ ಬರ್ತಿದ್ರು. ಯಾಕೆ ಸರ್ ಅಂದ್ರೆ, ನಾನೂ ತವಾದ ಮುಂದೆ ಬೆಂದವನೇ ಮಾರಾಯ ಅಂತಿದ್ರು. ಹಗಲು ತವಾ, ಸಂಜೆ ಶಾಲೆ. ಅಂಥ ಮನುಷ್ಯ!"

ಜನ ಕಣ್ಣೊರೆಸಿಕೊಂಡರು. ನನಗೆ ನಗು ಬಂತು, ಒಳ್ಳೆಯ ನಗುವಲ್ಲ. ಅಣ್ಣ ಆ ಹೋಟೆಲಿನಲ್ಲಿ ಇದ್ದದ್ದು ಮೇಜಿಗೆ ತಿಂಡಿ ಕೊಡುವ ಕೆಲಸದಲ್ಲಿ. ಒಂದೇ ಒಂದು ಸಲ, ಧಣಿ ಊರಿಗೆ ಹೋಗಿದ್ದಾಗ, ಆಸೆಯಿಂದ ಸೌಟು ಹಿಡಿದ. ಅವನ ದೋಸೆ ಭಾರತದ ಭೂಪಟದ ಹಾಗೆ ಬಂತು, ಶ್ರೀಲಂಕಾ ಬೇರೆಯಾಗಿ. ಇನ್ನು ಆ ನಮಸ್ಕಾರದ ವಿಷಯ. ಕಾಂದಿವಲಿಯಲ್ಲಿ ನಾನು ಹೋಟೆಲು ಶುರು ಮಾಡಿ ಇಪ್ಪತ್ತೆರಡು ವರ್ಷವಾಯಿತು. ಅಣ್ಣ ಅಲ್ಲಿಗೆ ಬಂದದ್ದು ಮೂರು ಸಲ. ಮೂರು ಸಲವೂ ಫ್ಯಾನಿನ ಕೆಳಗಿನ ಮೇಜಿನಲ್ಲಿ ಕೂತು ಚಹಾ ಕುಡಿದು ಹೋದ. ತವಾದ ಕಡೆ ಬರಲಿಲ್ಲ. ಬಂದಿದ್ದರೆ ಅಲ್ಲಿ ನಾನಿದ್ದೆ.

ನಿಜ ಹೀಗಿತ್ತು. ನಾವಿಬ್ಬರೂ ರಾತ್ರಿ ಶಾಲೆಗೆ ಹೆಸರು ಹಚ್ಚಿದ್ದೆವು. ಅವನು ಹತ್ತನೆಯದು, ನಾನು ಎಂಟನೆಯದು. ಸಂಜೆಯ ಗಿರಾಕಿ ಜಾಸ್ತಿಯಾದಾಗ ಧಣಿ ಕರೆದು, "ಇಬ್ಬರೂ ಒಟ್ಟಿಗೆ ಶಾಲೆಗೆ ಹೋದ್ರೆ ನಾನು ಹೋಟೆಲಿಗೆ ಬೀಗ ಹಾಕ್ಬೇಕಾ? ಒಬ್ಬ ಹೋಗ್ಲಿ, ಒಬ್ಬ ಇಬ್ಬರ ಕೆಲಸ ಮಾಡ್ಲಿ" ಎಂದರು. ಆ ಸೋಮವಾರ ಅಣ್ಣ ನನ್ನ ಹೆಗಲಿಗೆ ಕೈ ಹಾಕಿ ಹೇಳಿದ. "ನನ್ನದು ಹತ್ತನೇದೊಂದು ಆಗ್ಲಿ ಮಾರಾಯ. ಮತ್ತೆ ನಿನ್ನ ಸರದಿ." ಹತ್ತನೆಯದು ಆಯಿತು. ಆಮೇಲೆ ಕಾಲೇಜು ಎಂದ. ಕಾಲೇಜು ಆಯಿತು, ಬ್ಯಾಂಕಿನ ಪರೀಕ್ಷೆ ಎಂದ. ಕೆಲಸ ಸಿಕ್ಕಿದ ದಿನ ಪೇಡಾ ತಂದು ನನ್ನ ಬಾಯಿಗೆ ಹಾಕಿ, "ಇನ್ನು ನಿನಗೆ ಓದಿ ಎಂತ ಆಗ್ಬೇಕು? ಕೈಯಲ್ಲಿ ಕೆಲಸ ಉಂಟಲ್ಲ" ಎಂದ. ನಾನು ಆ ಪೇಡಾ ನುಂಗಿದೆ. ಅದೊಂದು ನನಗೆ ಇವತ್ತಿಗೂ ಬೇಸರ.

ಕೊನೆಗೆ ಅಣ್ಣನ ಮಗ ಮೈಕು ಹಿಡಿದ. ಅರ್ಧ ಕನ್ನಡ, ಅರ್ಧ ಹಿಂದಿ. ಅಪ್ಪ ತನಗೆ ಸೈಕಲ್ ಕಲಿಸಿದ್ದು, ಮಾರ್ಕು ಕಡಿಮೆ ಬಂದಾಗ ಹೊಡೆಯದೆ ಆ ಫೋಟೋ ತೋರಿಸಿದ್ದು. ಹೇಳುತ್ತಾ ಎರಡು ಸಲ ಫೋಟೋದ ಕಡೆ ತಿರುಗಿದ. ಅಲ್ಲಿಯವರೆಗೆ ನಾನು ತಡೆದುಕೊಂಡೇ ಇದ್ದೆ. ಮುಂದೆ ಅವನು ಹೇಳಿದ: "ಪಪ್ಪ ಚಿಕ್ಕಪ್ಪನನ್ನೂ ಓದಿಸ್ಬೇಕು ಅಂತ ಬಹುತ್ ಟ್ರೈ ಮಾಡಿದ್ರು. ಚಿಕ್ಕಪ್ಪಂಗೆ ಓದಿನಲ್ಲಿ ಇಂಟರೆಸ್ಟ್ ಇರ್ಲಿಲ್ಲ. ಅದು ಪಪ್ಪಂಗೆ ಲಾಸ್ಟ್ ತನಕ ದುಃಖ ಇತ್ತು."

ಅಯ್ಯೋ ಪಾಪ ಎಂಬಂತೆ ನಾಲ್ಕಾರು ತಲೆಗಳು ನನ್ನ ಕಡೆ ತಿರುಗಿದವು. ಸಂಘದ ಹಿರಿಯರು, "ಇನ್ನು ಅವರ ತಮ್ಮ ಎರಡು ಮಾತು ಆಡ್ಬೇಕು, ಚಿಕ್ಕದಾಗಿ, ಎಲೆ ಹಾಕ್ಲಿಕ್ಕೆ ಶುರು ಆಗಿದೆ" ಎಂದರು.

ಎದ್ದೆ. ಮೈಕಿನ ಹತ್ತಿರ ಹೋಗದೆ ಫೋಟೋದ ಹತ್ತಿರ ಹೋದೆ. ನನ್ನ ಸ್ವರಕ್ಕೆ ಮೈಕು ಬೇಡ, ಗಜಿಬಿಜಿಯ ಹೋಟೆಲಿನಲ್ಲಿ ಆರ್ಡರ್ ಕೂಗಿದ ಸ್ವರ ಅದು.

"ಈ ಫೋಟೋದಲ್ಲಿರುವವನು ನಾನು. ನಾನು ಸತ್ತಿಲ್ಲ."

ಯಾರೋ ನಕ್ಕರು. ಅಣ್ಣನ ಮಗ ಓಡಿ ಬಂದ. "ಚಿಕ್ಕಪ್ಪ, ಹೇಳಿದೆನಲ್ಲ, ಮಿರರ್ ಆಗಿದೆ. ತಮಾಷಾ ಮತ್ ಕರೋ."

"ನೀನು ಎಂಜಿನಿಯರ್ ಅಲ್ವಾ? ಹಿಂದೆ ಗೋಡೆ ಮೇಲೆ ಒಂದು ಬೋರ್ಡ್ ಉಂಟು. ಓದು."

ಅವನು ಬಗ್ಗಿ ನೋಡಿದ. ಅವನಿಗೆ ಕನ್ನಡ ಓದಲು ಬಾರದು. ಬೋರ್ಡಿನಲ್ಲಿ ಕೆಳಗೆ ಮರಾಠಿಯೂ ಇತ್ತು, ಅದು ಬರುತ್ತದೆ. ತುಟಿಯಲ್ಲೇ ಓದಿಕೊಂಡ. ನಾನೇ ಓದಿದೆ. "ಇಲ್ಲಿ ಕೈ ತೊಳೆಯಬಾರದು ಅಂತ ಸರಿಯಾಗಿ ಉಂಟು. ಫೋಟೋ ಉಲ್ಟಾ ಆಗಿದ್ರೆ ಅಕ್ಷರವೂ ಉಲ್ಟಾ ಆಗ್ಬೇಕಿತ್ತು. ಎಂಟನೇ ಕ್ಲಾಸು ಬಿಟ್ಟವನಿಗೆ ಗೊತ್ತಾಗ್ತದೆ. ಇಷ್ಟು ಜನ ಓದಿದವರು ಕೂತಿದ್ದೀರಿ, ಯಾರಿಗೂ ಕಾಣ್ಲಿಲ್ವಾ?"

ಅಣ್ಣನ ಮಗ ತಾಯಿಯ ಕಡೆ ನೋಡಿದ. ಅತ್ತಿಗೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಆಶ್ಚರ್ಯಪಡಲಿಲ್ಲ, ಅಳಲಿಲ್ಲ. ಎದ್ದು ನನ್ನ ಹತ್ತಿರ ಬಂದು ಹಲ್ಲು ಕಚ್ಚಿ ಮಾತನಾಡಿದರು.

"ನನಗೆ ಗೊತ್ತುಂಟು ಅದು ನೀವು ಅಂತ. ಮದುವೆ ಆದ ವರ್ಷವೇ ಹೇಳಿದ್ರು."

"ಗೊತ್ತಿದ್ದೂ ಹಾರ ಹಾಕ್ಲಿಕ್ಕೆ ಬಿಟ್ರಾ?"

"ಮಗ ಹಾಕಿದ. ಅವನಿಗೆ ಇವತ್ತು ನಿನ್ನಪ್ಪ ಸುಳ್ಳ ಅಂತ ಹೇಳ್ಲಾ ನಾನು? ಮಕ್ಕಳಿಗೆ ಓದುವ ಬುದ್ಧಿ ಬರ್ಲಿ ಅಂತ ಅವರು ಹೇಳಿದ್ದು. ನಿಮಗೆ ಎಂತ ನಷ್ಟ ಆಯ್ತು? ಫೋಟೋ ಅಲ್ವಾ?"

"ಫೋಟೋ ಅಲ್ಲ ಅತ್ತಿಗೆ. ಅಲ್ಲಿ ನಿಂತದ್ದು ನಾನು."

"ಸತ್ತವರ ಮೇಲೆ ಜಿದ್ದಾ? ಇಡೀ ಜನ್ಮ ಹೊಟ್ಟೆಕಿಚ್ಚು ಪಟ್ಟಿದ್ದು ಸಾಲ್ಲಿಲ್ವಾ?"

ಹಾರ ತೆಗೆದೆ. ಎಸೆಯಲಿಲ್ಲ, ಬಲಗಡೆಯ ಫೋಟೋಕ್ಕೆ ಹಾಕಿದೆ, ಅವನ ಒಂದು ಹಾರದ ಮೇಲೆ ಇನ್ನೊಂದು. ನನ್ನ ಮುಂದಿನ ದೀಪವನ್ನೂ ಅವನ ಮುಂದಕ್ಕೆ ಸರಿಸಿದೆ. ಫೋಟೋ ಕಂಕುಳಲ್ಲಿಟ್ಟುಕೊಂಡು ಇಳಿದೆ.

"ಊಟ ಮಾಡದೆ ಹೋದ್ರೆ ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ಬೇಡಿ" ಎಂದರು ಅತ್ತಿಗೆ. ಈ ಸಲ ಎಲ್ಲರಿಗೂ ಕೇಳುವ ಹಾಗೆ. ಒಡಹುಟ್ಟಿದವನ ಹದಿಮೂರನೆಯ ದಿನದ ಎಲೆ ಬಿಟ್ಟು ಹೋಗುವುದು ನಮ್ಮಲ್ಲಿ ಸಣ್ಣ ಮಾತಲ್ಲ. ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಾಗಿಲಿನ ಹತ್ತಿರ ಅಣ್ಣನ ಮಗ ಅಡ್ಡ ನಿಂತ. ಹೊಡೆಯುತ್ತಾನೆ ಅಂದುಕೊಂಡೆ. "ಕಾಪಿ ಕೊಡ್ತೇನೆ, ಒರಿಜಿನಲ್ ಇಟ್ಟು ಹೋಗಿ" ಎಂದ. ನನ್ನನ್ನು ನೋಡದೆ, ಫೋಟೋವನ್ನು ನೋಡಿ. ಒರಿಜಿನಲ್ ನಾನೇ ಎಂದು ಅವನನ್ನು ದಾಟಿ ಹೊರಟೆ.

ಭಾಂಡುಪಿನಿಂದ ದಾದರ್, ದಾದರಿನಿಂದ ಕಾಂದಿವಲಿ. ಮಧ್ಯಾಹ್ನದ ಲೋಕಲ್, ಸೀಟು ಸಿಕ್ಕಿತು. ಎದುರಿಗೆ ಕೂತಿದ್ದ ಮನುಷ್ಯ ಚೌಕಟ್ಟು ನೋಡಿ, "ಬೇಟಾ ಹೈ ಕ್ಯಾ?" ಎಂದು ಕೇಳಿದ. ಹ್ಞೂಂ, ಮಗನೇ ಎಂದೆ. ವಿವರಿಸಲು ನನಗೆ ಶಕ್ತಿ ಇರಲಿಲ್ಲ.

ಹೆಂಡತಿ ಸಂಜೆ ಬಂದಳು. ಊಟ ಮಾಡಿಯೇ ಬಂದಿದ್ದಳು. "ಒಬ್ಬರಾದ್ರೂ ಎಲೆ ಮುಂದೆ ಕೂತ್ಕೊಳ್ಬೇಕಲ್ಲ" ಎಂದಳು. ಬಟ್ಟೆ ಬದಲಿಸಿ ಬಂದು, "ಪಾಯಸ ಸೀದಿತ್ತು" ಎಂದೂ ಹೇಳಿದಳು. ನನ್ನ ಸಮಾಧಾನಕ್ಕೆ ಹೇಳಿದಳೋ, ನಿಜವೋ, ಕೇಳಲಿಲ್ಲ. ಆ ಮನೆಯಿಂದ ಆಮೇಲೆ ಫೋನಿಲ್ಲ. ನಾನೂ ಮಾಡಿಲ್ಲ, ಮಾಡುವುದೂ ಇಲ್ಲ.

ಫೋಟೋವನ್ನು ಹೋಟೆಲಿನಲ್ಲಿ, ತವಾದ ಹಿಂದಿನ ಗೋಡೆಗೆ ಹಾಕಿದ್ದೇನೆ. ಗಿರಾಕಿಗಳು ಯಾರೆಂದು ಕೇಳುತ್ತಾರೆ. ಎಡಗೈಯಲ್ಲಿ ಸೌಟು ಎತ್ತಿ ತೋರಿಸುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಇಂಡಸ್ಟ್ರಿಯಲ್ ಎಸ್ಟೇಟಿನ ಗೇಟಿನೆದುರು ಹನ್ನೊಂದು ಮೇಜಿನ ಹೋಟೆಲು ಒಂದು. ತವಾ ಎರಡು, ಎರಡೂ ಮುಂದೆಯೇ. ಕೆಲಸದವರು ಎಂಟು ಜನ. ಎರಡು ಕೋಣೆಯ ಮನೆ. ಹೆಂಡತಿ, ಒಬ್ಬ ಮಗಳು. ಏಳನೆಯ ತರಗತಿ ಪಾಸಾದ ಸರ್ಟಿಫಿಕೇಟು ಒಂದು. ಫೋಟೋ ಒಂದು.