ಜಗದೇವಿ ಅಕ್ಕೋರ ಡಬ್ಬಿಯ ಕೆಳಗಿನ ಖಾನೆ

ಜಗದೇವಿ ಅಕ್ಕೋರ ಸ್ಟೀಲ್ ಡಬ್ಬಿಗೆ ಎರಡು ಖಾನೆ. ಮೇಲಿನದರಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಕೆಳಗಿನದರಲ್ಲಿ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕ್. ಅವರ ಶಾಲೆಯ ಕಂಪ್ಯೂಟರಿನಲ್ಲಿದ್ದ ಎಲ್ಲ ದಾಖಲೆಗಳ ಪ್ರತಿ ಅದರಲ್ಲಿತ್ತು. ಶನಿವಾರ ಶಾಲೆ ಬಿಟ್ಟ ಮೇಲೆ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅಫಜಲಪುರದ ಬಸ್ಸಿನಲ್ಲಿ ಕೂಡುತ್ತಿದ್ದರು. ಸೀಟು ಸಿಗದಿದ್ದರೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಲ್ಲುತ್ತಿದ್ದರು, ಕೆಳಗೆ ಮಾತ್ರ ಇಡುತ್ತಿರಲಿಲ್ಲ.

ಮಣ್ಣೂರದಿಂದ ಮುಂದೆ, ಭೀಮಾ ದಂಡೆಯ ಪ್ರೌಢಶಾಲೆಯೊಂದರಲ್ಲಿ ಅವರು ಗುಮಾಸ್ತೆ. ನಾನು ಆ ಶಾಲೆಯನ್ನು ನಡೆಸುವ ಸಂಸ್ಥೆಯ ಆಳಂದ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಆಳಂದ, ಅಫಜಲಪುರ, ಜೇವರ್ಗಿ ಸೇರಿ ನಮಗೆ ಹನ್ನೆರಡು ಶಾಲೆ. ಸಿಡಿಲು, ಕಳವು, ಬೆಂಕಿ, ನೀರು, ಇವುಗಳಲ್ಲಿ ಯಾವುದು ಬಂದರೂ ದಾಖಲೆಗಳನ್ನು ಮರಳಿ ಪಡೆಯುವುದು ಹೇಗೆ ಎಂದು ಯೋಜನೆ ಬರೆಯುವ ಕೆಲಸ, ನಾನು ಸೇರಿದ ವರ್ಷವೇ, ನನ್ನ ಪಾಲಿಗೆ ಬಂತು. ನನ್ನ ದಿನಚರಿ ಪುಸ್ತಕದ ಲೆಕ್ಕದಂತೆ ಅಕ್ಕೋರನ್ನು ನಾನು ಕಂಡಿದ್ದು ಒಂಬತ್ತು ಸಲ. ಮೊದಲ ಸಲ ಜೂನ್ ತಿಂಗಳ ಒಂದು ಶನಿವಾರ.

ಅಂದು ಅವರ ಜೊತೆ ಅಫಜಲಪುರ ಬಸ್ ನಿಲ್ದಾಣದವರೆಗೆ ಹೋದೆ. ಅತನೂರ ಕಡೆಯ ನಮ್ಮ ಇನ್ನೊಂದು ಶಾಲೆಯ ಗುಮಾಸ್ತ ಮಲ್ಲಣ್ಣ ತಮ್ಮ ಡಿಸ್ಕ್ ತಂದಿದ್ದರು. ಇಬ್ಬರೂ ಡಿಸ್ಕುಗಳನ್ನು ಅದಲು ಬದಲು ಮಾಡಿಕೊಂಡರು. ಇವರ ಪ್ರತಿ ಅವರ ಊರಿಗೆ, ಅವರ ಪ್ರತಿ ಇವರ ಊರಿಗೆ. ಇದು ಯಾರು ಹೇಳಿಕೊಟ್ಟ ಪದ್ಧತಿ ಎಂದು ಕೇಳಿದೆ.

“ಯಾರ ಹೇಳಿಕೊಡ್ತಾರ? ಮನ್ಯಾಗ ಮೊಸರಿನ ಹೆಪ್ಪ ತೀರಿದ್ರ ಎಲ್ಲಿಂದ ತರ್ತೀರಿ? ಬಾಜೂ ಮನಿಯಿಂದ. ನಮ್ಮ ಹೆಪ್ಪ ಅವರ ಮನ್ಯಾಗ ಇರಬೇಕು, ಅವರದು ನಮ್ಮ ಮನ್ಯಾಗ. ಇಷ್ಟಕ್ಕ ಇಂಜಿನೇರ ಬೇಕೇನ್ರಿ?”

“ನಿಮ್ಮ ಅಕ್ಕೋರು ಬಸ್ಸಿನ್ಯಾಗ ಮರತು ಡಿಸ್ಕಿಗೇ ಹಿಂಡಿ ಹಚ್ಚಿ ತಿಂದಾರು, ಜರಾ ನೋಡ್ಕೊಳ್ರಿ” ಎಂದು ಮಲ್ಲಣ್ಣ ನಕ್ಕರು.

ಸೋಮವಾರ ಬೆಳಿಗ್ಗೆ ಅಕ್ಕೋರು ಮಲ್ಲಣ್ಣನ ಡಿಸ್ಕನ್ನು ಕಂಪ್ಯೂಟರಿಗೆ ಹಚ್ಚಿ, ಯಾವುದಾದರೂ ಒಂದು ಪುಟ ತೆರೆದು ಅವರಿಗೆ ಫೋನ್ ಮಾಡುತ್ತಿದ್ದರು. “ಒಂಬತ್ತನೇ ಇಯತ್ತೆ, ಹನ್ನೊಂದನೇ ಹುಡುಗಿ. ವಿಜ್ಞಾನಕ್ಕ ಎಷ್ಟ?” ಆ ಕಡೆಯ ಉತ್ತರ ತಾಳೆಯಾದರೆ, “ಬರೊಬ್ಬರಿ. ಜೀವ ಅದ” ಎಂದು ಫೋನ್ ಇಡುವರು. ಹನ್ನೆರಡು ಶಾಲೆಗಳಲ್ಲಿ ಪ್ರತಿಯನ್ನು ತೆರೆದು ನೋಡುತ್ತಿದ್ದವರು ಈ ಇಬ್ಬರೇ. ಈ ಮಾತನ್ನು ನಾನು ಆಗಲೇ ದಿನಚರಿಯಲ್ಲಿ ಬರೆದಿದ್ದೇನೆ. ಬರೆದೂ ಮುಂದಿನದನ್ನು ಮಾಡಿದೆ.

ನನ್ನ ಯೋಜನೆಯ ನಮೂನೆಯಲ್ಲಿ ‘ಪ್ರತಿ ಇಡುವ ಸ್ಥಳ’ ಎಂಬ ಕಾಲಮ್ ಇತ್ತು. ಅಲ್ಲಿ ‘ರೊಟ್ಟಿ ಡಬ್ಬಿ’ ಎಂದು ಬರೆಯಲು ನನಗೆ ನಾಚಿಕೆಯಾಯಿತು. ಮಕ್ಕಳ ಮಾಹಿತಿ ಬಸ್ಸಿನಲ್ಲಿ ಓಡಾಡಬಾರದು, ಡಿಸ್ಕ್ ಶಾಲೆಯ ಅಲಮಾರಿಯಲ್ಲೇ ಬೀಗದೊಳಗೆ ಇರಬೇಕು ಎಂದೆ. ಹಾಗೆಂದು ಮೇಲಿನವರು ಯಾರೂ ಹೇಳಿರಲಿಲ್ಲ. ಡಿಸ್ಕಿಗೆ ಗುಪ್ತಪದ ಹಾಕಿಕೊಟ್ಟಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಅರ್ಧ ಗಂಟೆ ಬೇಕಿತ್ತು, ನನಗೆ ಬಸ್ಸಿನ ಅವಸರ.

“ಎರಡೂ ಒಂದೇ ಖೋಲ್ಯಾಗ ಇಟ್ರ ಅದು ಹೆಪ್ಪ ಹ್ಯಾಂಗ ಆಗ್ತದ್ರಿ ತಮ್ಮಾ?”

ಮೂರು ಸಲ ಕೇಳಿದರು. ಮೂರು ಸಲವೂ ನಿಯಮ ಎಂದೆ.

“ಹಂಗಾದ್ರ ಬರದ ಕೊಡ್ರಿ.”

ಸಿಟ್ಟು ಬಂತು. ದಿನಚರಿಯ ಹಾಳೆಯೊಂದನ್ನು ಹರಿದು, ‘ಡಿಸ್ಕ್ ಹೊರಗೆ ಒಯ್ಯಕೂಡದು’ ಎಂದು ಬರೆದು ಸಹಿ ಮಾಡಿ ಕೊಟ್ಟೆ. ಅಕ್ಕೋರು ಅದನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ಕೆಳಗಿನ ಖಾನೆಯಲ್ಲಿಟ್ಟರು. ಆ ಖಾನೆ ಆಗ ಖಾಲಿಯಾಗಿತ್ತು. ಅಲಮಾರಿಯ ಮೇಲಿನ ಅರೆಗಳ ತುಂಬ ಕ್ರೀಡಾಕೂಟದ ಶೀಲ್ಡುಗಳಿದ್ದವು. ಮಲ್ಲಣ್ಣನಿಂದ ಮರಳಿ ತಂದಿದ್ದ ಡಿಸ್ಕಿಗೆ ಕೆಳಗಿನ ಅರೆ ಸಿಕ್ಕಿತು. ಇಡುವ ಮೊದಲು ಅದನ್ನು ಕಂಪ್ಯೂಟರಿಗೆ ಹಚ್ಚಿದಾಗ ಹಸಿರು ದೀಪ ಹತ್ತಿತು. ‘ತೆರೆದು ಪರೀಕ್ಷಿಸಲಾಗಿದೆ’ ಎಂಬಲ್ಲಿ ನಾನು ಟಿಕ್ ಹಾಕಿದೆ.

ಅದಾದ ಒಂಬತ್ತನೇ ವಾರ ಭೀಮಾ ಉಕ್ಕಿತು. ಶಾಲೆಯೊಳಗೆ ಬೆಂಚಿನ ಎತ್ತರಕ್ಕೆ ನೀರು ನಿಂತಿತು. ಕಂಪ್ಯೂಟರ್ ಹೋಯಿತು, ಕೆಳಗಿನ ಅರೆಯ ಡಿಸ್ಕೂ ಹೋಯಿತು. ಶೀಲ್ಡುಗಳಿಗೆ ಏನೂ ಆಗಲಿಲ್ಲ. ಹತ್ತನೇ ತರಗತಿಯ ಕಿರುಪರೀಕ್ಷೆಗಳ ಅಂಕಗಳನ್ನು ಅಕ್ಕೋರು ಮನೆಮನೆ ತಿರುಗಿ, ಮಕ್ಕಳ ಉತ್ತರ ಪತ್ರಿಕೆ ಕೂಡಿಸಿ ಮರಳಿ ಬರೆದರು. ನಲವತ್ತಾರು ಮಕ್ಕಳಲ್ಲಿ ನಲವತ್ತೊಂದು ಮಕ್ಕಳದು ಸಿಕ್ಕಿತು. ಉಳಿದ ಐವರು ಮತ್ತೆ ಪರೀಕ್ಷೆ ಬರೆದರು. ಆದರೆ ಹಳೆಯ ದಾಖಲಾತಿ ಪುಸ್ತಕಗಳು ನೀರಿನಲ್ಲಿ ಮುದ್ದೆಯಾಗಿದ್ದವು. ಎರಡು ವರ್ಷ ಕೂತು ಅಕ್ಕೋರು ಅವುಗಳ ಪುಟ ಪುಟವನ್ನೂ ಸ್ಕ್ಯಾನ್ ಮಾಡಿದ್ದರು. ಅದು ಮರಳಲಿಲ್ಲ.

ಅಕ್ಟೋಬರಿನಲ್ಲಿ ಆಳಂದದ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಕಾರ್ಯದರ್ಶಿ, ಹೆಡ್ ಮಾಸ್ತರರು, ಕಚೇರಿಯ ಅಧೀಕ್ಷಕರು, ಅಕ್ಕೋರು, ನಾನು. ಅಕ್ಕೋರ ನಿವೃತ್ತಿಗೆ ಆರು ತಿಂಗಳೂ ಇರಲಿಲ್ಲ. ಮೂವತ್ತು ವರ್ಷಗಳ ಅವರ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲೂ ಇರಲಿಲ್ಲ.

“ಪ್ರತಿ ಬ್ಯಾರೆ ಕಡಿ ಯಾಕ ಇಟ್ಟಿಲ್ರಿ ಜಗದೇವಿಬಾಯಿ?” ಎಂದು ಕಾರ್ಯದರ್ಶಿ ಕೇಳಿದರು.

“ಮೊದಲ ಇಡತಿದ್ದೆರಿ. ಆಮ್ಯಾಲ ಬಿಟ್ಟೆ.”

“ಯಾಕ ಬಿಟ್ರಿ?”

ಡಬ್ಬಿ ಅವರ ಮಡಿಲಲ್ಲಿತ್ತು, ಕೈ ಅದರ ಮುಚ್ಚಳದ ಮೇಲೆ. ಅವರು ನನ್ನ ಕಡೆ ನೋಡಿದರು. ನಾನು ದಿನಚರಿ ತೆರೆದು ಪೆನ್ನಿನ ಮುಚ್ಚಳ ತೆಗೆದೆ. ಹರಿದ ಹಾಳೆಯ ಅಂಚು ಬೆರಳಿಗೆ ತಾಗಿತು.

“ಬಿಟ್ಟೆರಿ, ಅಷ್ಟೇ” ಎಂದರು ಅಕ್ಕೋರು.

ಸೇವಾ ಪುಸ್ತಕದಲ್ಲಿ ‘ನಿರ್ಲಕ್ಷ್ಯ’ ಎಂದು ಬರೆದರು. ಚಳಿಗಾಲ ಮುಗಿಯುವುದರೊಳಗೆ ನಾನು ಯೋಜನೆ ತಿದ್ದಿದೆ. ಹನ್ನೆರಡು ಶಾಲೆಗಳನ್ನು ಆರು ಜೋಡಿ ಮಾಡಿ, ಶನಿವಾರಕ್ಕೊಮ್ಮೆ ಡಿಸ್ಕ್ ಬದಲಿಸಬೇಕು, ಸೋಮವಾರ ಫೋನಿನಲ್ಲಿ ತಾಳೆ ನೋಡಬೇಕು ಎಂದು ಬರೆದೆ. ಸುತ್ತೋಲೆಯ ಕೊನೆಗೆ ನನ್ನ ಹೆಸರಿತ್ತು. ಎಲ್ಲರೂ ಹೊಗಳಿದರು. ಹೊಗಳಿದವರ ಸಂಖ್ಯೆಯನ್ನೂ ಬರೆದಿಟ್ಟಿದ್ದೇನೆ. ಏಳು.

ಒಂಬತ್ತನೇ ಸಲ ಅವರನ್ನು ಕಂಡದ್ದು ಏಪ್ರಿಲ್‌ನಲ್ಲಿ, ಆಳಂದ ಬಸ್ ನಿಲ್ದಾಣದಲ್ಲಿ. ನಿವೃತ್ತಿಯ ಕಾಗದ ಕೊಟ್ಟು ಹೊರಟಿದ್ದರು. ಇನ್ನು ಜೇವರ್ಗಿಯಲ್ಲಿ ತಂಗಿಯ ಮನೆಯಲ್ಲಿ ಇರುವುದಂತೆ. ನನ್ನನ್ನು ಕಂಡವರೇ ಸೆರಗಿನಿಂದ ಬೆಂಚಿನ ಧೂಳು ಜಾಡಿಸಿ, “ಕೂಡ್ರಿ ತಮ್ಮಾ” ಎಂದರು. ರೊಟ್ಟಿ ಮುರಿದು ಕೊಟ್ಟರು.

“ತಪ್ಪು ನನ್ನದಿತ್ರಿ ಅಕ್ಕೋರೆ” ಎಂದೆ.

ಅವರು ಕೆಳಗಿನ ಖಾನೆ ಬಿಚ್ಚಿ ನಾಲ್ಕು ಮಡಿಕೆಯ ಹಾಳೆ ತೆಗೆದು ನನ್ನ ಕೈಗಿಟ್ಟರು. ಮಡಿಕೆಗಳಲ್ಲಿ ಎಣ್ಣೆ ಹಿಡಿದಿತ್ತು. ಸಹಿ ಸ್ವಚ್ಛವಾಗಿ ಕಾಣುತ್ತಿತ್ತು.

“ಇದು ನಿಮ್ಮ ಬಲ್ಲಿ ಇತ್ತಲ್ರಿ. ಆವತ್ತ ಯಾಕ ತೋರಿಸಲಿಲ್ಲ?”

“ನೀವು ಅಲ್ಲೇ ಕುಂತಿದ್ರಲ್ರಿ,” ಎಂದರು, ಡಬ್ಬಿ ಮುಚ್ಚುತ್ತ. “ಮನಷ್ಯಾನೇ ಎದುರಿಗಿ ಇರುವಾಗ ಚೀಟಿ ಯಾಕ ಬೇಕು ಅಂದ್ಕೊಂಡೆ.”

ಜೇವರ್ಗಿ ಬಸ್ ಬಂತು. ಹತ್ತಿದರು. ಕಿಟಕಿಯ ಬದಿ ಸೀಟು ಸಿಕ್ಕಿತು, ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡರು.

ಮರುದಿನ ಆ ಹಾಳೆಯ ಜೊತೆ ತಪ್ಪೊಪ್ಪಿಗೆಯ ಪತ್ರವನ್ನು ಕಾರ್ಯದರ್ಶಿಗೆ ಕೊಟ್ಟೆ. “ನೋಡೂಣು” ಎಂದರು. ಸೇವಾ ಪುಸ್ತಕದ ಸಾಲು ಇನ್ನೂ ಹಾಗೆಯೇ ಇದೆ. ತಿಂಗಳಿಗೊಮ್ಮೆ ಹೋಗಿ ಕೇಳುತ್ತೇನೆ. ಈವರೆಗೆ ಐದು ಸಲ ಕೇಳಿದ್ದೇನೆ. ಜೇವರ್ಗಿಗೆ ಒಮ್ಮೆಯೂ ಹೋಗಿಲ್ಲ.

ವಿಚಾರಣೆಯ ದಿನದ ಪುಟದಲ್ಲಿ ‘ಹಾಜರಿದ್ದವರು: ಐದು’ ಎಂದು ಬರೆದಿದ್ದೆ. ಅದನ್ನು ಹೊಡೆದು ‘ನಾಲ್ಕು’ ಎಂದು ತಿದ್ದಿದ್ದೇನೆ.